ಕ್ಯಾಮೆರಾದೊಳಗೆ ನೀರು ಬರದಂತೆ

ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿದ್ದ ನಮ್ಮ ವರ್ಕ್‌ಶಾಪಿನ ಬಾಗಿಲ ಮೇಲೆ ‘ಹೌಸಿಂಗ್ ಲೀಕ್ ರಿಪೇರಿ ಮಾಡಲಾಗುತ್ತದೆ’ ಎಂದು ಬೋರ್ಡು ಬರೆಸಿದ್ದೇ ತಪ್ಪಾಯಿತು. ಮಳೆಗಾಲ ಶುರುವಾದ ವಾರವೇ ಒಬ್ಬ ಹೆಂಗಸು ಕೊಡೆ ಮಡಚುತ್ತ ಒಳಗೆ ಬಂದು, “ನಮ್ಮನೆ ಟೆರೇಸು ಸರಿಯಾಗಿ ಅಡುಗೆಮನೆ ಮೇಲೇ ಸೋರ್ತಾ ಇದೆ ಕಣಮ್ಮ. ಯಾವಾಗ ಬಂದು ನೋಡ್ತೀರ?” ಎಂದು ಕೇಳಿದರು. ನಾನು ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ತೋರಿಸಿ, “ಆಂಟಿ, ನಾವು ಈ ಹೌಸಿಂಗ್ ರಿಪೇರಿ ಮಾಡೋರು” ಎಂದೆ. ಅವರು ಅದನ್ನು ಎರಡೂ ಕಡೆಯಿಂದ ನೋಡಿ, “ಇಷ್ಟು ಚಿಕ್ಕದು ಸೋರಿದ್ರೆ ಏನಾಗುತ್ತೆ?” ಎಂದು ಕೇಳಿ, ಕೊಡೆ ಬಿಚ್ಚಿಕೊಂಡು ಹೊರಟುಹೋದರು. ಆ ಮಳೆಗಾಲದಲ್ಲಿ ಅಂಥವರು ಏಳೆಂಟು ಜನ ಬಂದಿರಬೇಕು. ಬೋರ್ಡು ಬದಲಾಯಿಸಿದೆವು.

ಹೌಸಿಂಗ್ ಎಂದರೆ ನೀರೊಳಗೆ ಕ್ಯಾಮೆರಾ ಒಯ್ಯಲು ಬಳಸುವ ಗಟ್ಟಿ ಪೆಟ್ಟಿಗೆ. ಮುಂದೆ ಲೆನ್ಸಿಗೆ ಒಂದು ಗಾಜು, ಹಿಂದೆ ಒಂದು ಬಾಗಿಲು, ಮೈತುಂಬ ಗುಂಡಿಗಳು. ಒಂದೊಂದು ಗುಂಡಿಗೂ ಒಂದೊಂದು ತೂತು, ಒಂದೊಂದು ತೂತಿಗೂ ಬಳೆಯ ಹಾಗಿರುವ ಒಂದು ರಬ್ಬರ್ ರಿಂಗು. ಆ ರಿಂಗುಗಳ ಕೆಲಸ ನೀರನ್ನು ಹೊರಗೆ ನಿಲ್ಲಿಸುವುದು. ಅವು ಆ ಕೆಲಸ ಮಾಡುವಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಮದುವೆಗೆ ಮುಂಚೆ ಶುರುಮಾಡಿ, ಮಗಳ ಮದುವೆಯಾದ ಮೇಲೂ ಮಾಡಿ, ಈಗ ಬಿಟ್ಟಿದ್ದೇನೆ.

ನನ್ನ ಮೇಜಿನಲ್ಲಿ ಈಗ ಮೇಘನಾ ಎಂಬ ಡಿಪ್ಲೊಮಾ ಓದಿದ ಹುಡುಗಿ ಕೂರುತ್ತಾಳೆ. ಅವಳೇ ಹೇಳಿದ್ದು: “ಮ್ಯಾನ್ಯುಯಲ್‌ನಲ್ಲಿ ಇರೋದನ್ನ ನಾನು ಓದ್ಕೋತೀನಿ ಆಂಟಿ. ಇಲ್ದೇ ಇರೋದನ್ನ ನೀವು ಬರ್ಕೊಡಿ.” ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಸಂಬಳ ಯಾವಾಗ ಏರಿತು, ಸೂಪರ್‌ವೈಸರ್ ಯಾವಾಗ ಆದೆ ಎನ್ನುವುದರಿಂದ ಅವಳಿಗೇನೂ ಪ್ರಯೋಜನವಿಲ್ಲ.

ಐಟಿಐ ಮುಗಿಸಿ ಮೂಡಲಪಾಳ್ಯದ ಮನೆಯಿಂದ ಬಸ್ಸು ಹಿಡಿದು ನಾನು ಕೆಲಸ ಕೇಳಲು ಹೋದಾಗ ಅದಕ್ಕೆ ಇನ್ನೂ ಕ್ಯಾಮೆರಾ ರಿಪೇರಿ ಅಂಗಡಿ ಎಂದೇ ಹೆಸರು. ಮಾಲೀಕರು ರುದ್ರಪ್ಪನವರು, ದಾವಣಗೆರೆ ಕಡೆಯವರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ. ಸಮುದ್ರದ ಜೀವಿಗಳನ್ನು ಅಧ್ಯಯನ ಮಾಡುವ ಯಾರೋ ಒಬ್ಬರು ಉಪ್ಪುನೀರು ಕುಡಿದ ಕ್ಯಾಮೆರಾ ಒಂದನ್ನು ತಂದುಕೊಟ್ಟಿದ್ದರಂತೆ. ಅದನ್ನು ಸರಿಮಾಡಿ ಕೊಟ್ಟ ಮೇಲೆ ರುದ್ರಪ್ಪನವರಿಗೆ, ನೀರು ಹೋದ ಕ್ಯಾಮೆರಾ ರಿಪೇರಿ ಮಾಡುವುದಕ್ಕಿಂತ ನೀರು ಹೋಗದ ಹಾಗೆ ಮಾಡುವುದೇ ಮೇಲು ಅನ್ನಿಸಿತಂತೆ. ಬೆಂಗಳೂರಿಗೆ ಸಮುದ್ರವಿಲ್ಲ ನಿಜ. ಆದರೆ ಸಮುದ್ರಕ್ಕೆ ಇಳಿಯುವವರಲ್ಲಿ ಎಷ್ಟೋ ಜನ ಬೆಂಗಳೂರಿನವರೇ. ರಿಪೇರಿಗೆ ಅವರು ಸಿಂಗಪುರಕ್ಕೆ ಹೋಗಬೇಕಿತ್ತು, ಇಲ್ಲವೇ ನಮ್ಮ ಹತ್ತಿರ ಬರಬೇಕಿತ್ತು.

ಮೊದಲ ಎರಡು ವಾರ ರುದ್ರಪ್ಪನವರು ನನ್ನ ಕೈಗೆ ಸ್ಕ್ರೂಡ್ರೈವರ್ ಕೊಡಲಿಲ್ಲ. ಒಂದು ತಟ್ಟೆಯ ತುಂಬ ರಬ್ಬರ್ ರಿಂಗುಗಳನ್ನು ಹಾಕಿ, “ಕಣ್ಮುಚ್ಚಿ ಬೆರಳಾಗೆ ನೋಡ್ಕಂತ ಹೋಗು ತಂಗಿ. ಕೆಟ್ಟಿರೋದನ್ನ ಈ ಕಡೆ ಹಾಕು” ಎಂದರು. ಹೆಬ್ಬೆರಳು ತೋರುಬೆರಳಿನ ನಡುವೆ ರಿಂಗನ್ನು ನಿಧಾನವಾಗಿ ಸರಿಸುತ್ತ ಹೋದರೆ, ಕಣ್ಣಿಗೆ ಕಾಣದ ಸೀಳು ಬೆರಳಿಗೆ ಸಿಗುತ್ತದೆ. ಮೊದಲ ದಿನ ನಾನು ಒಳ್ಳೆಯವು ಎಂದು ಬೇರ್ಪಡಿಸಿದವುಗಳಲ್ಲಿ ಅರ್ಧ ಕೆಟ್ಟವೇ ಆಗಿದ್ದವು. ಎರಡನೆಯ ವಾರದ ಕೊನೆಗೆ ಅವರು ಬೇಕೆಂದೇ ಒಂದು ತಲೆಗೂದಲನ್ನು ರಿಂಗಿಗೆ ಅಂಟಿಸಿ ತಟ್ಟೆಯಲ್ಲಿ ಹಾಕಿದ್ದರು. ನನ್ನ ಬೆರಳು ಅದರ ಮೇಲೆ ನಿಂತಿತು. “ಸಾರ್, ಇದರಲ್ಲಿ ಏನೋ ಇದೆ” ಎಂದೆ. ಮಾರನೆಯ ದಿನ ನನ್ನ ಮೇಜಿನ ಮೇಲೆ ಸ್ಕ್ರೂಡ್ರೈವರ್ ಸೆಟ್ಟು ಇತ್ತು.

ಹೊಸಬರೆಲ್ಲ ಗ್ರೀಸಿನ ವಿಷಯದಲ್ಲಿ ಮಾಡುವ ತಪ್ಪನ್ನು ನಾನೂ ಮಾಡಿದೆ. ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ಸವರಿದ್ದೆ. ನೀರು ತಡೆಯುವುದು ಗ್ರೀಸು ಎಂದು ನನ್ನ ನಂಬಿಕೆ. ರುದ್ರಪ್ಪನವರು ಆ ರಿಂಗನ್ನು ಎತ್ತಿ ಮೇಜಿನ ಮೇಲಿನ ಧೂಳಿನಲ್ಲಿ ಒಮ್ಮೆ ಒತ್ತಿ ತೋರಿಸಿದರು. ಸುತ್ತಲಿದ್ದ ಕಸವೆಲ್ಲ ಅದಕ್ಕೆ ಮೆತ್ತಿಕೊಂಡಿತ್ತು. ನೀರು ತಡೆಯುವುದು ರಬ್ಬರು. ಗ್ರೀಸು ಇರುವುದು ಆ ರಬ್ಬರು ತಿರುಚಿಕೊಳ್ಳದೆ ತನ್ನ ಜಾಗದಲ್ಲಿ ಕೂರಲಿ ಎಂದು. ರಿಂಗು ಹೊಳೆದರೆ ಸಾಕು, ಬೆರಳಿಗೆ ಜಿಡ್ಡು ಹತ್ತಿದರೆ ಅದು ಜಾಸ್ತಿ. ಮೇಘನಾ, ಇನ್ನೊಂದು ಮಾತು: ಸಿಲಿಕೋನ್ ರಿಂಗಿಗೆ ಸಿಲಿಕೋನ್ ಗ್ರೀಸು ಹಾಕಬೇಡ. ಅದು ಉಬ್ಬಿಕೊಳ್ಳುತ್ತದೆ.

ರಿಪೇರಿ ಮಾಡಿದ ಮೇಲೆ ಪರೀಕ್ಷೆ ಮಾಡಬೇಕಲ್ಲ. ಆಗ ನಮ್ಮ ಹತ್ತಿರ ಯಂತ್ರವಿರಲಿಲ್ಲ. ಮಲ್ಲತ್ತಹಳ್ಳಿಯಲ್ಲಿ ಇನ್ನೂ ತೋಟ, ಬಾವಿಗಳಿದ್ದ ಕಾಲ. ರುದ್ರಪ್ಪನವರಿಗೆ ಪರಿಚಯದ ಹೊನ್ನಮ್ಮ ಎಂಬುವರ ಮನೆಯ ಹಿತ್ತಲಲ್ಲಿ ಆಳವಾದ ತೆರೆದ ಬಾವಿಯಿತ್ತು. ಖಾಲಿ ಹೌಸಿಂಗಿನೊಳಗೆ ಭಾರಕ್ಕೆ ಒಂದು ಕಲ್ಲು, ಒದ್ದೆಯಾದರೆ ಗೊತ್ತಾಗಲೆಂದು ಟಿಶ್ಯೂ ಕಾಗದ ಇಟ್ಟು, ಹಗ್ಗ ಕಟ್ಟಿ ತಳದವರೆಗೆ ಇಳಿಸಿ, ಒಂದು ಗಂಟೆ ಬಿಟ್ಟು ಎತ್ತುವುದು. ಇಷ್ಟೇ ಪರೀಕ್ಷೆ.

ಮೊದಲ ಸಲ ಹೋದಾಗ ಹೊನ್ನಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು. “ಏನಮ್ಮ ಅದು, ನಮ್ ಬಾವೀಗೆ ಏನ್ ಬಿಡ್ತಾ ಇದೀರ? ಕುಡಿಯೋ ನೀರು ಕಣಮ್ಮ ಅದು.”

“ಕ್ಯಾಮೆರಾ ಪೆಟ್ಟಿಗೆ ಹೊನ್ನಮ್ಮಾರೆ. ಬಿಸಿನೀರಲ್ಲಿ ತೊಳ್ದೇ ತಂದಿದೀವಿ” ಎಂದೆ.

“ಬಾವಿ ಒಳಗೆ ಏನೈತೆ ಅಂತ ಫೋಟೋ ಹಿಡೀತೀರ? ಕಪ್ಪೆ ಐತೆ, ಒಂದು ಆಮೆ ಐತೆ. ನಾನೇ ಹೇಳ್ತೀನಿ, ಬರ್ಕೊಳ್ಳಿ.”

ಒಂದು ದಿನ ನಾನು ಹಾಕಿದ ಗಂಟು ಬಿಚ್ಚಿಕೊಂಡಿತು. ಹಗ್ಗ ಹಗುರವಾಗಿ ಮೇಲೆ ಬಂತು, ಹೌಸಿಂಗು ಬರಲಿಲ್ಲ. ಅದು ಗಿರಾಕಿಯೊಬ್ಬರದು, ಪರದೇಶದಿಂದ ತರಿಸಿದ್ದು. ರುದ್ರಪ್ಪನವರು ಬಾವಿಕಟ್ಟೆಯ ಮೇಲೆ ಕೂತು ಕನ್ನಡಕ ಒರೆಸತೊಡಗಿದರು. ಸಿಟ್ಟು ಬಂದಾಗ ಅವರು ಮಾಡುತ್ತಿದ್ದುದು ಅದೊಂದೇ. ಹೊನ್ನಮ್ಮ ಮಾತ್ರ ಒಳಗೆ ಹೋಗಿ, ಬಿಂದಿಗೆ ಬಿದ್ದರೆ ಎತ್ತಲು ಇಟ್ಟುಕೊಂಡಿದ್ದ ಪಾತಾಳಗರಡಿ ತಂದರು. ಸುತ್ತಲೂ ಕೊಕ್ಕೆಗಳಿರುವ ಕಬ್ಬಿಣದ ಬಳೆ ಅದು. ಅವರೇ ಹಗ್ಗ ಹಿಡಿದು ತಳವನ್ನು ಕೆದಕಿದರು. ಮೊದಲು ಮೇಲೆ ಬಂದದ್ದು ಹಸಿರುಗಟ್ಟಿದ ಒಂದು ಹಿತ್ತಾಳೆ ಚೊಂಬು.

“ಅಯ್ಯೋ! ನಮ್ಮತ್ತೆ ಚೊಂಬು!” ಎಂದು ಹೊನ್ನಮ್ಮ ಕೂಗಿದರು. “ನಾನೇ ಮಾರ್ಕೊಂಡೆ ಅಂತ ಸಾಯೋವರ್ಗೂ ಅಂದ್ರು ಕಣಮ್ಮ ಆಯಮ್ಮ!”

ಹೌಸಿಂಗು ಸಿಕ್ಕಿದ್ದು ಮಾರನೆಯ ದಿನ ಮಧ್ಯಾಹ್ನ. ರುದ್ರಪ್ಪನವರು ಅಲ್ಲೇ ಕಟ್ಟೆಯ ಮೇಲೆ ಅದನ್ನು ಒರೆಸಿ ತೆರೆದರು. ಟಿಶ್ಯೂ ಕಾಗದ ಬಿಸಿಲಿಗೆ ಒಣಹಾಕಿದಷ್ಟು ಗರಿಗರಿಯಾಗಿತ್ತು. ಅವರು ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡಿ, “ಗಂಟು ಹಾಕಾಕೆ ಬರಲ್ಲ ನಿಂಗೆ. ರಿಂಗು ಹಾಕಾಕೆ ಬರ್ತತಿ” ಎಂದರು. ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ಹೊನ್ನಮ್ಮನವರಿಗೆ ಆಮೇಲೆ ನಮ್ಮ ಮೇಲೆ ವಿಶೇಷ ಪ್ರೀತಿ. ನಾವು ಹೋದಾಗಲೆಲ್ಲ ಮಜ್ಜಿಗೆ ಕೊಡುತ್ತಿದ್ದರು.

ಕೆಲವು ವರ್ಷಗಳ ನಂತರ ಪಕ್ಕದ ಲೇತ್ ಅಂಗಡಿಯವರಿಂದ ದಪ್ಪ ಉಕ್ಕಿನ, ಬಿಗಿ ಮುಚ್ಚಳದ ಒಂದು ತೊಟ್ಟಿ ಮಾಡಿಸಿದೆವು. ಪ್ಲಂಬರುಗಳು ಪೈಪುಗಳಲ್ಲಿ ಒತ್ತಡ ಪರೀಕ್ಷೆ ಮಾಡುವ ಕೈಪಂಪನ್ನು ಅದಕ್ಕೆ ಜೋಡಿಸಿದರೆ, ಸಮುದ್ರದ ಆಳದ ಒತ್ತಡ ರಾಜಾಜಿನಗರದಲ್ಲೇ ಸಿಗುತ್ತಿತ್ತು. ಈ ತೊಟ್ಟಿ ಬಂದ ಮೇಲೆಯೇ ನನ್ನ ಅತಿ ದೊಡ್ಡ ತಪ್ಪು ಆದದ್ದು. ಯಂತ್ರ ಇದೆ ಎಂಬ ಧೈರ್ಯ ಅದಕ್ಕೆ ಒಂದು ಕಾರಣವಿರಬೇಕು.

ವಸುಧಾ ಎಂಬ ಸಂಶೋಧಕಿ ಬಸವೇಶ್ವರನಗರದಲ್ಲಿದ್ದರು. ಹವಳಗಳು ಮೊಟ್ಟೆ ಬಿಡುವುದನ್ನು ಅಧ್ಯಯನ ಮಾಡುತ್ತಿದ್ದವರು. ಅದು ವರ್ಷಕ್ಕೊಮ್ಮೆ, ಕೆಲವೇ ದಿನ ನಡೆಯುವಂಥದ್ದಂತೆ. ಲಕ್ಷದ್ವೀಪಕ್ಕೆ ಹೊರಡುವ ಮುಂಚೆ ಹೌಸಿಂಗನ್ನು ನನ್ನ ಕೈಗೆ ಕೊಟ್ಟರು. ನಾನು ಎಲ್ಲ ರಿಂಗು ಬದಲಾಯಿಸಿ, ತೊಟ್ಟಿಯಲ್ಲಿ ಪರೀಕ್ಷಿಸಿ, ಒಂದು ಹನಿಯೂ ಬರದಿದ್ದುದನ್ನು ನೋಡಿ ಮೇಜಿನ ಮೇಲಿಟ್ಟೆ. ಆಗ ಮುಂದಿನ ಗಾಜಿನ ಒಳಗೆ ಒಂದು ಧೂಳಿನ ಕಣ ಕಂಡಿತು. ವಸುಧಾ ಬರುವ ಹೊತ್ತಾಗಿತ್ತು. ಗಾಜನ್ನು ಬಿಚ್ಚಿದೆ, ಸೆರಗಿನ ತುದಿಯಿಂದ ಒರೆಸಿದೆ, ಮತ್ತೆ ಕೂರಿಸಿದೆ. ಮತ್ತೆ ತೊಟ್ಟಿಗೆ ಹಾಕಲಿಲ್ಲ. ಈಗಷ್ಟೇ ಪರೀಕ್ಷೆಯಾಗಿದೆಯಲ್ಲ ಎಂದುಕೊಂಡೆ.

ಎರಡು ವಾರ ಬಿಟ್ಟು ವಸುಧಾ ವಾಪಸು ಬಂದರು. ಹೌಸಿಂಗಿನ ತುಂಬ ಉಪ್ಪು, ಕ್ಯಾಮೆರಾ ಸತ್ತಿತ್ತು. ಎರಡನೆಯ ದಿನವೇ ನೀರು ನುಗ್ಗಿತಂತೆ. ಮೊಟ್ಟೆ ಬಿಡುವ ದಿನಗಳಲ್ಲಿ ಅವರು ನೀರೊಳಗೆ ಬರೆಯುವ ಹಲಗೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಂಡಿದ್ದರು.

“ನಂದೇ ತಪ್ಪು ಸರೋಜಮ್ಮ” ಎಂದರು. “ಬೋಟ್ ಅಲ್ಲಾಡ್ತಾ ಇತ್ತು. ಹಿಂದಿನ ಬಾಗಿಲು ಮುಚ್ಚುವಾಗ ಆತುರ ಮಾಡ್ಬಿಟ್ಟೆ ಅನ್ಸುತ್ತೆ. ಇಷ್ಟು ವರ್ಷದಲ್ಲಿ ಹೀಗಾಗಿರ್ಲಿಲ್ಲ. ನನ್ನ ಕೈ ಮೇಲೆ ನಂಗೇ ನಂಬಿಕೆ ಹೋಗಿದೆ.”

ಅವರು ಹೋದ ಮೇಲೆ ಬಿಚ್ಚಿದೆ. ಉಪ್ಪುನೀರು ಒಣಗಿದ ಮೇಲೆ ಬಂದ ದಾರಿಯ ಗುರುತು ಬಿಟ್ಟುಹೋಗಿರುತ್ತದೆ. ಹಿಂದಿನ ಬಾಗಿಲ ಸುತ್ತ ಏನೂ ಇರಲಿಲ್ಲ. ಬಿಳಿ ಗೆರೆ ಹೊರಟಿದ್ದು ಮುಂದಿನ ಗಾಜಿನ ಬುಡದಿಂದ. ರಿಂಗನ್ನು ಎತ್ತಿ ಭೂತಕನ್ನಡಿಯಲ್ಲಿ ನೋಡಿದರೆ, ಅದರ ಅಡಿಯಲ್ಲಿ ಅರ್ಧ ಇಂಚಿನ ಒಂದು ನೇರಳೆ ಬಣ್ಣದ ಎಳೆ. ಆ ದಿನ ನಾನು ಯಾವ ಸೀರೆ ಉಟ್ಟಿದ್ದೆ ಎಂದು ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ.

ಆ ಎಳೆಯನ್ನು ಚಿಮಟದಲ್ಲಿ ಎತ್ತಿದೆ. ಊದಿಬಿಟ್ಟಿದ್ದರೆ ಮುಗಿಯುತ್ತಿತ್ತು. ಅವರೇ ತಮ್ಮ ತಪ್ಪು ಎಂದು ಒಪ್ಪಿಕೊಂಡಿದ್ದರು. ಯಾರೂ ಕೇಳುವವರಿರಲಿಲ್ಲ. ಆದರೆ ‘ನನ್ನ ಕೈ ಮೇಲೆ ನಂಗೇ ನಂಬಿಕೆ ಹೋಗಿದೆ’ ಎಂದ ಅವರ ಮಾತು ಕಿವಿಯಿಂದ ಹೋಗಲೊಲ್ಲದು. ಎಳೆಯನ್ನು ಬಿಳಿ ಕಾಗದದ ಮೇಲೆ ಅಂಟಿಸಿ ರುದ್ರಪ್ಪನವರ ಮುಂದಿಟ್ಟು ನಡೆದದ್ದೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ತುಂಬ ಹೊತ್ತು ಒರೆಸಿದರು.

“ನನಗ್ಯಾಕೆ ಹೇಳ್ತಿ? ಹವಳ ನೋಡಾಕೆ ಹೋದೋನು ನಾನಲ್ಲ. ಅವರ ಮನೀಗೆ ಹೋಗಿ ಹೇಳು” ಎಂದರು.

ಬಸವೇಶ್ವರನಗರಕ್ಕೆ ನಡೆದುಕೊಂಡೇ ಹೋದೆ. ಬಸ್ಸಿನಲ್ಲಿ ಹೋದರೆ ಬೇಗ ತಲುಪಿಬಿಡುತ್ತೇನೆ ಎಂಬ ಭಯ. ವಸುಧಾ ಕಾಗದದ ಮೇಲಿನ ಎಳೆಯನ್ನು ನೋಡಿದರು, ನನ್ನ ಮಾತು ಪೂರ್ತಿ ಕೇಳಿದರು. ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. “ಒಂದು ವರ್ಷ ಹೋಯ್ತು ಸರೋಜಮ್ಮ” ಎಂದರು. ಆಮೇಲೆ, “ಹಿಂದಿನ ಬಾಗಿಲು ಸರಿಯಾಗಿತ್ತಾ?” ಎಂದು ಕೇಳಿದರು.

“ಪೂರ್ತಿ ಸರಿಯಾಗಿತ್ತು ಮೇಡಂ. ಒಂದು ಹನಿ ಬಂದಿಲ್ಲ ಅಲ್ಲಿಂದ.”

ಅವರು ತಲೆಯಾಡಿಸಿ ಉಸಿರು ಬಿಟ್ಟರು. ಮುಂದಿನ ವರ್ಷ ಹೌಸಿಂಗನ್ನು ಮತ್ತೆ ನನ್ನ ಹತ್ತಿರವೇ ತಂದರು. ಪರೀಕ್ಷೆ ಮುಗಿಯುವವರೆಗೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ನನಗೆ ಅವಮಾನವೇನೂ ಆಗಲಿಲ್ಲ. ಅಂದಿನಿಂದ ಕೊನೆಯ ಸಲ ಮುಚ್ಚಿದ ಮೇಲೆ ಪರೀಕ್ಷೆ ಮಾಡದ ಯಾವುದನ್ನೂ ನಾನು ಹೊರಗೆ ಕಳಿಸಿಲ್ಲ. ನೂಲು ಬಿಡದ ಕೋಟು ಹಾಕಿಕೊಳ್ಳುವ ಪದ್ಧತಿ ನಮ್ಮಲ್ಲಿ ಶುರುವಾದದ್ದೂ ಹಾಗೆಯೇ. ಕೋಟು ಸೆಕೆ ಎಂದು ಮೇಘನಾ ಗೊಣಗುವುದನ್ನು ಕೇಳಿದ್ದೇನೆ. ಕಾರಣ ಇದು.

ಸೋರದೇ ಇದ್ದರೂ ಸೋರಿದೆ ಎಂದು ಬರುವವರಿದ್ದಾರೆ. ವಿಜಯನಗರದ ಒಬ್ಬ ಫೋಟೋಗ್ರಾಫರ್ ಕರಾವಳಿಗೆ ಹೋಗಿ ಬಂದು, “ಸಾರ್, ಮೂರು ಸಲ ರಿಪೇರಿ ಮಾಡ್ಸಿದೀನಿ, ಮೂರು ಸಲಾನೂ ಗಾಜಿನ ಮೇಲೆ ನೀರು!” ಎಂದು ರುದ್ರಪ್ಪನವರ ಮೇಲೆ ಕೂಗಾಡಿದ. ಎಷ್ಟು ಹುಡುಕಿದರೂ ತೂತಿಲ್ಲ. ಕೊನೆಗೆ ನಾನು, “ಎಲ್ಲಿ ಕೂತು ಮುಚ್ತೀರ ಸಾರ್ ಇದನ್ನ?” ಎಂದು ಕೇಳಿದೆ. “ದಡದಲ್ಲೇ. ಬೆಳಿಗ್ಗೆ ಮರಳ ಮೇಲೆ ಕೂತ್ಕೊಂಡು” ಎಂದ. ಕರಾವಳಿಯ ಆ ಒದ್ದೆ ಗಾಳಿಯನ್ನು ತಾನೇ ಒಳಗೆ ಹಾಕಿ ಮುಚ್ಚುತ್ತಿದ್ದ. ಬಿಸಿಲಿಗೆ ಕಾದ ಪೆಟ್ಟಿಗೆ ತಣ್ಣನೆ ನೀರಿಗೆ ಇಳಿದಾಗ ಆ ತೇವವೇ ಗಾಜಿನ ಮೇಲೆ ಕೂರುತ್ತಿತ್ತು. ಹಿಂದಿನ ಸಂಜೆ ಎಸಿ ರೂಮಿನಲ್ಲಿ ಮುಚ್ಚಿ, ತೇವ ಹೀರುವ ಎರಡು ಪೊಟ್ಟಣ ಇಡಲು ಹೇಳಿದೆ. ಆಮೇಲೆ ಆತ ಬಂದದ್ದು ಸಿಹಿ ಹಿಡಿದುಕೊಂಡು. ರಿಂಗು ನೋಡುವ ಮುಂಚೆ ಮನುಷ್ಯರನ್ನು ಮಾತಾಡಿಸಬೇಕು ಎನ್ನುವುದು ನನಗೆ ಆಗ ಗೊತ್ತಾಯಿತು.

ಇನ್ನು ಅಣೆಕಟ್ಟಿನ ವಿಷಯ. ನಾನು ಬೆಂಗಳೂರಿನ ಹೊರಗೆ ಹೋಗಿ ರಿಪೇರಿ ಮಾಡಿದ್ದು ಅದೊಂದೇ ಸಲ. ಯಾವ ಅಣೆಕಟ್ಟು ಎನ್ನುವುದು ಬೇಡ. ತಳದ ಗೇಟಿನ ಬಳಿ ಏನೋ ಸಿಕ್ಕಿಕೊಂಡು ಅದು ಪೂರ್ತಿ ಮುಚ್ಚುತ್ತಿರಲಿಲ್ಲ. ಉದ್ದನೆಯ ಕೇಬಲ್ಲಿನ ತುದಿಗೆ ಕಟ್ಟಿದ ಕ್ಯಾಮೆರಾ ಇಳಿಸಿ ನೋಡಬೇಕಿತ್ತು. ಇಳಿಸಿದಾಗಲೆಲ್ಲ ಅದರೊಳಗೆ ನೀರು. ನಮ್ಮ ವರ್ಕ್‌ಶಾಪಿಗೆ ಫೋನು ಬಂತು. ರುದ್ರಪ್ಪನವರಿಗೆ ಮಂಡಿನೋವು, ನನ್ನನ್ನು ಕಳಿಸಿದರು.

ಅಲ್ಲಿದ್ದ ಇಂಜಿನಿಯರ್ ನನ್ನನ್ನೂ ನನ್ನ ಚೀಲವನ್ನೂ ನೋಡಿ, “ನೀವೊಬ್ರೇನಾ?” ಎಂದರು. “ರಿಂಗು ಮೂರು ಸಲ ಚೇಂಜ್ ಮಾಡಿದೀವಿ ಮೇಡಂ. ಇನ್ನು ಕಾಯೋಕಾಗಲ್ಲ. ಮಧ್ಯಾಹ್ನದೊಳಗೆ ಆಗ್ಲಿಲ್ಲ ಅಂದ್ರೆ ಡೈವರ್‌ನ ಇಳಿಸ್ಬಿಡ್ತೀವಿ, ಕೈಯಲ್ಲಿ ತಡವಿ ನೋಡ್ಲಿ.”

ಡೈವರ್ ಸಿದ್ದರಾಜು ಸ್ವಲ್ಪ ದೂರದಲ್ಲಿ ಕಲ್ಲಿನ ಮೇಲೆ ಕೂತಿದ್ದರು. ಐವತ್ತರ ಹತ್ತಿರದವರು. ನಾನು ಸಾಮಾನು ಬಿಚ್ಚುವಾಗ ಹತ್ತಿರ ಬಂದು, “ಕೆಳಗೆ ಕೆಸರು ನೀರಮ್ಮ, ನಮ್ ಕೈ ನಮಗೇ ಕಾಣಲ್ಲ” ಎಂದು ಮೆಲ್ಲಗೆ ಹೇಳಿದರು. “ಗೇಟು ಸಂದೀಲಿ ನೀರು ಎಳೀತಾ ಇರುತ್ತೆ. ಎಳೆಯೋ ಕಡೆ ಕೈ ಹೋದ್ರೆ ಹೋಯ್ತು.” ಅವರು ಹೆದರಿರಲಿಲ್ಲ. ನನಗೆ ವಿಷಯ ತಿಳಿದಿರಲಿ ಎಂದು ಹೇಳಿದರಷ್ಟೆ.

ಕ್ಯಾಮೆರಾ ಬಿಚ್ಚಿದೆ. ರಿಂಗು ಹೊಸದು, ಕೂತಿದ್ದು ಸರಿ, ಒಂದು ಗೀರಿಲ್ಲ. ಎರಡು ಸಲ ನೋಡಿದೆ. ಗಂಟೆ ಹನ್ನೊಂದಾಯಿತು. ಇಂಜಿನಿಯರ್ ಗಡಿಯಾರ ನೋಡುತ್ತ ಅತ್ತಿತ್ತ ಓಡಾಡುತ್ತಿದ್ದರು. ಮೂರು ಸಲವೂ ಇವರು ರಿಂಗನ್ನೇ ನೋಡಿದ್ದಾರೆ, ನಾನೂ ಅದನ್ನೇ ನೋಡುತ್ತಿದ್ದೇನೆ ಅನ್ನಿಸಿತು. ರಿಂಗು ಪಕ್ಕಕ್ಕಿಟ್ಟು, ಕೇಬಲ್ಲು ಕ್ಯಾಮೆರಾದೊಳಗೆ ಸೇರುವ ಜಾಗದಲ್ಲಿ ಒಳಗಿನ ತಂತಿಯನ್ನು ಸ್ವಲ್ಪ ಹೆರೆದು ನೋಡಿದೆ. ತಾಮ್ರ ಹಸಿರಾಗಿತ್ತು. ಇನ್ನೊಂದು ಅಡಿ ಮೇಲೆ ಸೀಳಿದೆ. ಅಲ್ಲಿಯೂ ಹಸಿರು. ನೀರು ಕ್ಯಾಮೆರಾಕ್ಕೆ ಹೊರಗಿನಿಂದ ಬರುತ್ತಿರಲಿಲ್ಲ. ಕೇಬಲ್ಲಿನ ಒಳಗೇ, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ, ತಂತಿಯ ಎಳೆಗಳ ನಡುವೆ ಹರಿದು ಬರುತ್ತಿತ್ತು.

“ಕೇಬಲ್ ಎಲ್ಲೋ ಕೊಯ್ದಿದೆ” ಎಂದೆ. ಸಿದ್ದರಾಜು ಕೂಡಲೇ ಎದ್ದು ಕೇಬಲ್ಲಿನ ಸುರುಳಿ ಬಿಚ್ಚಿದರು. ಇಬ್ಬರೂ ಎದುರುಬದುರು ಕೂತು, ಅವರು ಒಂದು ತುದಿಯಿಂದ, ನಾನು ಇನ್ನೊಂದು ತುದಿಯಿಂದ, ಕಣ್ಣು ಮುಚ್ಚಿ ಬೆರಳಿನಲ್ಲಿ ಸವರುತ್ತ ಬಂದೆವು. ಸೀಳು ಸಿಕ್ಕಿದ್ದು ಅವರಿಗೆ. ಬ್ಲೇಡಿನಲ್ಲಿ ಗೀಚಿದಷ್ಟು ಸಣ್ಣದು, ಕ್ಯಾಮೆರಾದಿಂದ ಬಹಳ ದೂರದಲ್ಲಿ. ಅಲ್ಲಿಂದ ಕೆಳಗಿನ ಕೇಬಲ್ಲನ್ನು ಕತ್ತರಿಸಿ ಹಾಕಿ, ಒಣ ತುದಿಗೆ ಕ್ಯಾಮೆರಾ ಜೋಡಿಸಿ, ಸೇರುವ ಜಾಗವನ್ನು ಅಂಟಿನಿಂದ ತುಂಬಿದೆ. ಅಂಟು ಗಟ್ಟಿಯಾಗಲು ಹೊತ್ತು ಬೇಕಿತ್ತು. ಇಂಜಿನಿಯರ್ ಏನೋ ಹೇಳಲು ಬಂದರು. “ಸಾರ್, ಇದು ಒಣಗೋವರ್ಗೂ ಇವರನ್ನ ಇಳಿಸ್ಬೇಡಿ. ಆಮೇಲೂ ಸೋರಿದ್ರೆ ನನ್ನ ಹೆಸರು ಬರ್ಕೊಳ್ಳಿ” ಎಂದೆ. ಅಷ್ಟು ಗಟ್ಟಿಯಾಗಿ ನಾನು ಯಾರ ಹತ್ತಿರವೂ ಮಾತಾಡಿದವಳಲ್ಲ.

ನಾಲ್ಕು ಗಂಟೆಗೆ ಕ್ಯಾಮೆರಾ ಇಳಿಯಿತು. ದೀಪ ಹಾಕಿ ಗೇಟಿನ ಪಕ್ಕಕ್ಕೇ ಒಯ್ದಾಗ ಪರದೆಯ ಮೇಲೆ ಮಸುಕಾಗಿ ಒಂದು ಮರದ ಬೊಡ್ಡೆ ಕಂಡಿತು. ಬೇರುಗಳೆಲ್ಲ ಗೇಟಿನ ಸಂದಿಗೆ ಕೈಚಾಚಿದ ಹಾಗೆ ಸಿಕ್ಕಿಕೊಂಡಿದ್ದವು. ಸಿದ್ದರಾಜು ಬಹಳ ಹೊತ್ತು ಪರದೆಯನ್ನೇ ನೋಡಿದರು. “ನಾನು ಎಡಗಡೆಯಿಂದ ಹೋಗ್ಬೇಕು ಅಂತಿದ್ದೆ” ಎಂದರು. ಬೊಡ್ಡೆ ಇದ್ದದ್ದು ಎಡಗಡೆ. ಆಮೇಲೆ ಕೊಕ್ಕೆ ಇಳಿಸಿ, ಮೇಲಿನಿಂದಲೇ ಅದನ್ನು ಎಳೆದರು. ಸಿದ್ದರಾಜು ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಹೋಗುವಾಗ ಒಂದು ಚೀಲ ಹಲಸಿನ ತೊಳೆ ಕೊಟ್ಟರು. ಬೆಂಗಳೂರಿನವರೆಗೂ ಬಸ್ಸೆಲ್ಲ ಘಮಘಮ.

ಮೊಬೈಲ್ ಬಂದ ಮೇಲೆ ಬೇರೆ ಥರದ ಗಿರಾಕಿಗಳು. ತೆಪ್ಪದಲ್ಲಿ ಕೂತವರು, ಜಲಪಾತದ ಕೆಳಗೆ ನಿಂತವರು, ಬಚ್ಚಲಲ್ಲಿ ಬೀಳಿಸಿದವರು. ಎಲ್ಲರೂ ಅಕ್ಕಿಡಬ್ಬದಲ್ಲಿ ಎರಡು ದಿನ ಹೂತಿಟ್ಟೇ ತರುತ್ತಿದ್ದರು. ಹೊಸಹಳ್ಳಿಯ ಒಬ್ಬಾಕೆ ಹಾಗೆಯೇ ಅಕ್ಕಿಯಲ್ಲಿ ಹೂತಿಟ್ಟು ತಂದ ಕ್ಯಾಮೆರಾ ಬಿಚ್ಚಿದರೆ ಒಳಗಿಂದ ಮೂರು ಅಕ್ಕಿಕಾಳು ಉದುರಿದವು, ಒಂದು ಆಗಲೇ ನೆನೆದು ಉಬ್ಬಿತ್ತು. ಅಕ್ಕಿ ಅನ್ನಕ್ಕೆ ಮಾತ್ರ. ನೀರು ಹೋದ ತಕ್ಷಣ ಆನ್ ಮಾಡಬೇಡಿ, ಬ್ಯಾಟರಿ ತೆಗೆಯಿರಿ, ಸಮುದ್ರದ ನೀರಾದರೆ ಒಣಗುವ ಮುಂಚೆ ಸಿಹಿನೀರಿನಲ್ಲಿ ತೊಳೆದು ತನ್ನಿ ಎಂದರೆ ಯಾರೂ ನಂಬುವುದಿಲ್ಲ. ನೀರು ಕುಡಿದದ್ದಕ್ಕೆ ಇನ್ನಷ್ಟು ನೀರು ಕುಡಿಸುತ್ತಾರಾ ಎನ್ನುತ್ತಾರೆ. ಕೆಡಿಸುವುದು ಒಣಗಿ ಕೂತ ಉಪ್ಪು, ಅದಕ್ಕೆ.

ಗಾಳಿ ಹೀರುವ ಚಿಕ್ಕ ಪಂಪು ಬಂದಾಗ ನನಗೆ ಅದರ ಮೇಲೆ ಸಿಟ್ಟಿತ್ತು. ಕ್ಯಾಮೆರಾ ಒಳಗಿಟ್ಟು ಮುಚ್ಚಿದ ಮೇಲೆ ಗಾಳಿಯನ್ನು ಹೊರಗೆಳೆದು ಬಿಡುವುದು. ಸಂದಿ ಇದ್ದರೆ ಗಾಳಿ ಒಳಗೆ ಬಂದು ಹಸಿರು ದೀಪ ಕೆಂಪಾಗುತ್ತದೆ. ನೀರೇ ಬೇಕಿಲ್ಲ. ನನ್ನ ಬೆರಳು ವರ್ಷಗಟ್ಟಲೆ ಕಲಿತದ್ದನ್ನು ಒಂದು ದೀಪ ಹೇಳಿಬಿಡುತ್ತಿತ್ತು. ಆದರೆ ಒಂದು ದಿನ ನಾನು ಸರಿಯಿದೆ ಎಂದು ಇಟ್ಟದ್ದಕ್ಕೆ ಅದು ಕೆಂಪು ತೋರಿಸಿತು. ಮೂರು ಸಲ ಹುಡುಕಿದ ಮೇಲೆ ಒಂದು ಗುಂಡಿಯ ರಿಂಗಿನಲ್ಲಿ ಸೀಳು ಸಿಕ್ಕಿತು. ವಯಸ್ಸಾಗಿ ಬೆರಳ ತುದಿಯ ಚರ್ಮ ದಪ್ಪವಾಗಿತ್ತು. ಅಂದಿನಿಂದ ನಾವಿಬ್ಬರೂ ಸ್ನೇಹಿತರು. ದೀಪ ಸೋರುತ್ತಿದೆ ಎನ್ನುತ್ತದೆ, ಎಲ್ಲಿ ಎನ್ನುವುದನ್ನು ಈಗಲೂ ಮನುಷ್ಯರೇ ಹುಡುಕಬೇಕು.

ಕೆಲಸ ಬಿಡುವ ವರ್ಷ ಕೆಂಗೇರಿಯಿಂದ ಚನ್ನಬಸಪ್ಪ ಎಂಬ ರಿಟೈರ್ಡ್ ಮೇಷ್ಟ್ರು ಬಂದರು. ಬಟ್ಟೆಯ ಚೀಲದಿಂದ ಒಂದು ಪ್ರೆಶರ್ ಕುಕ್ಕರ್ ತೆಗೆದು ಮೇಜಿನ ಮೇಲಿಟ್ಟರು. ಮುಚ್ಚಳ ಒಳಗಿನಿಂದ ಕೂರುವ ಥರದ್ದು. ಅದರ ತಳ ಕೊಯ್ದು ಗಾಜು ಕೂರಿಸಿದ್ದರು. ಒಳಗೆ ಚಿಕ್ಕದೊಂದು ಕ್ಯಾಮೆರಾ.

“ನಮ್ಮೂರ ಪಕ್ಕ ಒಂದು ಹಳೇ ಕಲ್ಯಾಣಿ ಇದೆ ಅಮ್ಮ. ನೀರು ತಿಳಿಯಾಗಿದೆ. ಒಳಗೆ ಏನಿದೆ ಅಂತ ಸ್ಕೂಲ್ ಮಕ್ಕಳಿಗೆ ತೋರ್ಸೋಣ ಅಂತ ಆಸೆ. ಆದ್ರೆ ಸೋರುತ್ತೆ. ಕುಕ್ಕರ್ ಹಬೇನೇ ಬಿಡಲ್ಲ, ನೀರನ್ನ ಹೇಗೆ ಬಿಡುತ್ತೆ?” ಎಂದರು ಬೇಜಾರಿನಲ್ಲಿ.

ಮೇಘನಾ ನಗು ತಡೆದುಕೊಳ್ಳಲು ಆ ಕಡೆ ತಿರುಗಿದಳು. ನನಗೆ ನಗು ಬರಲಿಲ್ಲ. ದಿನಾ ಬೆಳಿಗ್ಗೆ ನಾನೇ ಮುಚ್ಚಿ ಒಲೆಯ ಮೇಲಿಡುವ ಪಾತ್ರೆ ಅದು. “ಮೇಷ್ಟ್ರೇ, ಒಲೆ ಮೇಲೆ ಹಬೆ ಒಳಗಿಂದ ತಳ್ಳುತ್ತೆ, ಅದಕ್ಕೇ ಮುಚ್ಚಳ ಬಿಗಿಯಾಗುತ್ತೆ. ನೀರಲ್ಲಿ ಹೊರಗಿಂದ ತಳ್ಳುತ್ತೆ. ನೀರೇ ನಿಮ್ಮ ಮುಚ್ಚಳ ತೆಗೀತಾ ಇದೆ” ಎಂದೆ.

ಅವರು ಹಣೆ ಚಚ್ಚಿಕೊಂಡರು. “ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದೀನಿ ಕಣಮ್ಮ!”

ಕುಕ್ಕರನ್ನು ಅವರ ಮನೆಯವರಿಗೆ ವಾಪಸು ಕಳಿಸಲು ಸಾಧ್ಯವಿರಲಿಲ್ಲ, ಅದರ ತಳ ಹೋಗಿತ್ತು. ಆದ್ದರಿಂದ ಅದನ್ನೇ ಉಳಿಸಿಕೊಂಡೆವು. ಬಾಯಿಗೆ ಅಗಲವಾದ ಹೊಸ ಅಂಚು ಬೆಸುಗೆ ಹಾಕಿಸಿ, ಹೊರಗಿನಿಂದ ಒತ್ತಿ ಕೂರುವ ದಪ್ಪ ಮುಚ್ಚಳ ಮಾಡಿಸಿ, ನಡುವೆ ಒಳ್ಳೆಯ ರಿಂಗು ಹಾಕಿದೆ. ಈಗ ನೀರು ತಳ್ಳಿದಷ್ಟೂ ಅದು ಬಿಗಿ. ಮೇಷ್ಟ್ರು ನಾಲ್ಕು ಶನಿವಾರ ಬಂದು ಪ್ರತಿ ಹಂತವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಕೊನೆಯ ಪರೀಕ್ಷೆಯಲ್ಲಿ ಹಸಿರು ದೀಪ ಅರ್ಧ ಗಂಟೆ ಅಲುಗದೆ ನಿಂತಾಗ ಮೇಘನಾಳೇ ಮೊದಲು ಚಪ್ಪಾಳೆ ತಟ್ಟಿದಳು.

ನಾನು ಕೆಲಸ ಬಿಡುವ ಹಿಂದಿನ ವಾರ ಅವರು ಪೆನ್‌ಡ್ರೈವ್ ಹಿಡಿದುಕೊಂಡು ಬಂದರು. ರುದ್ರಪ್ಪನವರು ಅಷ್ಟು ಹೊತ್ತಿಗೆ ವಾರಕ್ಕೊಮ್ಮೆ ಮಾತ್ರ ಬರುತ್ತಿದ್ದರು, ಅಂದು ಬಂದಿದ್ದರು. ಎಲ್ಲರೂ ಕಂಪ್ಯೂಟರಿನ ಮುಂದೆ ಸೇರಿದೆವು. ಮೊದಲು ಪಾಚಿ ಕಟ್ಟಿದ ಮೆಟ್ಟಿಲುಗಳು, ಒಂದರ ಕೆಳಗೊಂದು ಹಸಿರು ಬೆಳಕಿನಲ್ಲಿ ಇಳಿದುಹೋಗಿದ್ದವು. ಆಮೇಲೆ ಕೆಂಪನೆಯ ಒಂದು ಮೋಡ ತೇಲಿಬಂತು. ಹತ್ತಿರ ಬಂದಾಗ ನೋಡಿದರೆ ಅದು ಮೋಡವಲ್ಲ, ನೂರಾರು ಮೀನುಮರಿಗಳು. ಅವುಗಳ ಕೆಳಗೆ, ನಮ್ಮ ತೋಳಿನಷ್ಟು ಉದ್ದದ ಒಂದು ಕೊರವ ಮೀನು ಕಾವಲು ಕಾಯುತ್ತ ಮೆಲ್ಲಗೆ ಬರುತ್ತಿತ್ತು. ಕ್ಯಾಮೆರಾವನ್ನು ಕಂಡು ನಿಂತಿತು. ಇಷ್ಟಿಷ್ಟೇ ಮುಂದೆ ಬಂತು. ಪರದೆಯ ತುಂಬ ಅದರ ಮುಖ. ಇದ್ದಕ್ಕಿದ್ದಂತೆ ಗಾಜಿಗೆ ರಪ್ಪನೆ ಗುದ್ದಿತು.

“ಏ!” ಎಂದು ರುದ್ರಪ್ಪನವರು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು. ಎಲ್ಲರೂ ನಕ್ಕೆವು. ಮೀನು ಇನ್ನೂ ಎರಡು ಸಲ ಗುದ್ದಿ, ಮರಿಗಳನ್ನು ಕರೆದುಕೊಂಡು ಮೆಟ್ಟಿಲುಗಳ ಕೆಳಗೆ ಹೋಯಿತು.

ನಮ್ಮ ಮೇಜಿನಿಂದ ಹೋದ ಕ್ಯಾಮೆರಾಗಳು ಎಷ್ಟೋ ಚಿತ್ರ ತೆಗೆದು ತಂದಿವೆ, ಗಿರಾಕಿಗಳು ಪ್ರೀತಿಯಿಂದ ತೋರಿಸಿದ್ದಾರೆ. ನಾನು ನೋಡುತ್ತಿದ್ದುದು ಮೂಲೆಗಳನ್ನು. ಎಲ್ಲಾದರೂ ಮಸುಕಿದೆಯೇ, ಹನಿಯಿದೆಯೇ, ಗಾಜಿನ ಅಂಚಿನಲ್ಲಿ ತೇವವಿದೆಯೇ ಎಂದು. ಕೊನೆಗೆ “ಚೆನ್ನಾಗಿದೆ ಸಾರ್” ಎಂದು ಪೆಟ್ಟಿಗೆ ಕೈಗೆತ್ತಿಕೊಳ್ಳುತ್ತಿದ್ದೆ.

ಮೇಷ್ಟ್ರು ನನ್ನ ಕಡೆ ತಿರುಗಿ, “ಹೇಗಮ್ಮ? ಎಲ್ಲಾದ್ರೂ ಒಂದು ಹನಿ ಕಾಣಿಸ್ತಾ?” ಎಂದು ಕೇಳಿದರು.

ನಾನು ಮೂಲೆಗಳನ್ನು ನೋಡಿರಲೇ ಇಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

“ಇನ್ನೊಂದು ಸಲ ಹಾಕಿ ಮೇಷ್ಟ್ರೇ” ಎಂದೆ.

ಅವರು ಹಾಕಿದರು. ಆ ಸಲವೂ ನಾನು ಮೀನನ್ನೇ ನೋಡಿದೆ.